ನೀರು ಹೆಚ್ಚಾಗೇತಿ

ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಅವರು ಬೇಕೆಂದೇ ಸುಳ್ಳು ಹೇಳುತ್ತಾರೆ ಎಂದುಕೊಂಡವಳಲ್ಲ. ಆದರೆ ನೆನಪು ಎಷ್ಟು ಸಲೀಸಾಗಿ ತನಗೆ ಬೇಕಾದದ್ದನ್ನು ಸೇರಿಸಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಿತ್ತು. ಇತಿಹಾಸ ಓದಿ ಇತಿಹಾಸವನ್ನೇ ಕಲಿಸುವವಳು ನಾನು. ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಮೊದಲು ಅನುಮಾನಿಸಿ ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಈಗ ಬರೆಯುತ್ತಿರುವುದನ್ನೂ ಓದುವವರು ಅದೇ ಅನುಮಾನದಿಂದ ಓದಿದರೆ ನನಗೆ ಬೇಸರವಿಲ್ಲ.

ನಾವು ರಾಯಚೂರು ಕಡೆಯವರು. ಅಪ್ಪನ ನೌಕರಿಯಿಂದಾಗಿ ಹೈದರಾಬಾದಿಗೆ ಬಂದು ಇಲ್ಲಿಯವರೇ ಆದೆವು. ಅಪ್ಪ ಹೋದ ಮೇಲೆ ಅವ್ವ ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ಅಣ್ಣನ ಜೊತೆಗಿದ್ದಳು. ಅಲ್ಲಿಯೇ ಪಕ್ಕದ ಬ್ಲಾಕಿನಲ್ಲಿ ನಾನೊಬ್ಬಳೇ ಇದ್ದೆ. ಅಣ್ಣನಿಗೆ ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ. ಅಪ್ಪನ ಹಳೆಯ ಕಾರನ್ನು ಅವನು ಕೂಸಿನಂತೆ ನೋಡಿಕೊಳ್ಳುತ್ತಿದ್ದ.

ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಅವನು ಕಟ್ಟಡದ ಕೆಳಗೆ ಗಾಡಿ ನಿಲ್ಲಿಸುವ ಸೆಲ್ಲಾರಿನಲ್ಲಿ ಬಾನೆಟ್ ಎತ್ತುತ್ತಿದ್ದ. ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡುವುದು, ಬ್ಯಾಟರಿಗೆ ನೀರು, ಬ್ರೇಕ್ ಆಯಿಲ್, ಗಾಜು ತೊಳೆಯುವ ನೀರು, ಕೊನೆಗೆ ಎಂಜಿನ್ ತಂಪಾಗಿಡುವ ನೀರಿನ ಕೂಲಂಟ್ ಡಬ್ಬಿ. ಅವ್ವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಳೆಯ ಬನಿಯನ್ ಅರಿವೆ ಚೂರುಗಳನ್ನು ಒಂದೊಂದಾಗಿ ಕೊಡುತ್ತಿದ್ದಳು. ಅವಳ ಪಾಲಿಗೆ ಅದೂ ಒಂದು ಅಡುಗೆಮನೆಯೇ. ಆದ್ದರಿಂದ ಅಡುಗೆಮನೆಯ ಕಾನೂನು ಅಲ್ಲಿಯೂ ನಡೆಯುತ್ತಿತ್ತು.

ನಮ್ಮ ಮನೆಯಲ್ಲಿ ಯಾವ ಸಾಮಾನನ್ನೂ ಖಾಲಿ ಆಯಿತು ಎನ್ನುವಂತಿರಲಿಲ್ಲ. ಅಕ್ಕಿ, ಉಪ್ಪು, ಅರಿಶಿನ ತೀರಿದರೆ ಹೆಚ್ಚಾಗಿದೆ ಎನ್ನಬೇಕು. ಬಳೆ ಒಡೆದರೂ ಹೆಚ್ಚಿತು ಎಂದೇ ಹೇಳುವವರು ನಮ್ಮವರು. ಅಣ್ಣ ಕಡ್ಡಿ ನೋಡಿ, "ಆಯಿಲ್ ಖಾಲಿ ಆಗೇತಿ ಬೇ," ಅಂದರೆ ಅವ್ವ ಬೈಯುತ್ತಿದ್ದಳು.

"ನಿನ್ನ ಬಾಯಾಗ ಮಣ್ಣ ಹಾಕ. ಹೆಚ್ಚಾಗೇತಿ ಅನ್ನು."

"ಹೆಚ್ಚಾಗೇತಿ ಅಂದ್ರ ಮೆಕ್ಯಾನಿಕ್ ಇದ್ದದ್ದೂ ತಗದ್ ಹಾಕ್ತಾನ."

"ತೆಲುಗಿನವರು ತೀರಿದ್ದಕ್ಕ ನಿಂಡುಕುಂದಿ ಅಂತಾರ. ತುಂಬೇತಿ ಅಂತ. ಅವರಿಗೆ ಇರೋ ಬುದ್ಧಿ ನಿನಗ ಇಲ್ಲ ನೋಡು."

ಈ ಜಗಳ ವಾರವಾರವೂ ಇದ್ದದ್ದೇ. ಅದನ್ನು ನೋಡಿ ನಗಲಿಕ್ಕೆಂದೇ ನಾನು ಚಹಾದ ಲೋಟ ಹಿಡಿದು ಕೆಳಗಿಳಿಯುತ್ತಿದ್ದೆ.

ಒಂದು ಬೇಸಿಗೆಯ ಮಧ್ಯಾಹ್ನ ಅವ್ವನಿಗೆ ಎದೆನೋವು ಬಂತು. ನಾನು ಕಾಲೇಜಿನಲ್ಲಿದ್ದೆ, ಅತ್ತಿಗೆ ತವರಿಗೆ ಹೋಗಿದ್ದಳು. ಅಣ್ಣ ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟ. ದಾರಿಯಲ್ಲಿ, ಮೆಟ್ರೊ ಕಂಬಗಳ ಕೆಳಗೆ, ಎಂಜಿನ್ ಕಾದು ಬಾನೆಟ್ಟಿನಿಂದ ಹೊಗೆ ಎದ್ದು ಗಾಡಿ ನಿಂತುಬಿಟ್ಟಿತು. ಆಟೊ ಸಿಕ್ಕಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವ್ವ ಇರಲಿಲ್ಲ.

ಕೂಲಂಟ್ ಡಬ್ಬಿಯಲ್ಲಿ ಹನಿ ನೀರೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಅಣ್ಣ, ಭಾನುವಾರ ನೋಡಿದ್ದೆ, ಗೆರೆಯ ಮಟ್ಟಕ್ಕೆ ಇತ್ತು ಎಂದ. ನಾನು ನಂಬಲಿಲ್ಲ. ಅಷ್ಟೊಂದು ನೀರು ಎರಡು ಮೂರು ದಿನದಲ್ಲಿ ಎಲ್ಲಿಗೆ ಹೋಗುತ್ತದೆ? ಹದಿಮೂರನೆಯ ದಿನ ಬಳಗದವರೆಲ್ಲ ಕೂತಿದ್ದಾಗ, ಒಂದು ತಂಬಿಗೆ ನೀರು ಹಾಕಿದ್ದರೆ ಅವ್ವ ಉಳಿಯುತ್ತಿದ್ದಳು ಎಂದೆ. ಅಣ್ಣ ಎದ್ದು ಒಳಗೆ ಹೋದ. ಕಾರಿನ ಕೀಲಿ ತಂದು ನನ್ನ ಮುಂದಿಟ್ಟ. "ನೀನ ಇಟ್ಕೊ. ಇನ್ನ ನಾ ಅದನ್ನ ಮುಟ್ಟಂಗಿಲ್ಲ," ಎಂದ. ಸ್ವಲ್ಪ ದಿನಗಳಲ್ಲೇ ಮನೆ ಖಾಲಿ ಮಾಡಿ ಅಂಗಡಿಯ ಹತ್ತಿರ, ಕೋಠಿ ಕಡೆ ಹೋದ. ನಾನು ತಡೆಯಲಿಲ್ಲ, ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ.

ಕಾರಿನ ರಿಪೇರಿ ಮಾಡಿಸಿದೆ. ಭಾನುವಾರದ ಕೆಲಸ ನನ್ನದಾಯಿತು. ಅಣ್ಣ ಮಾಡದೆ ಬಿಟ್ಟದ್ದನ್ನು ನಾನು ಬಿಡದೆ ಮಾಡುತ್ತೇನೆ ಎಂಬ ಹಟ ಅದರಲ್ಲಿತ್ತು. ಭಕ್ತಿಯಿಂದಲ್ಲ, ಸಿಟ್ಟಿನಿಂದ ಮಾಡುತ್ತಿದ್ದೆ.

ಅವ್ವನ ವರ್ಷದ ಕಾರ್ಯವನ್ನು ಅಣ್ಣ ರಾಯಚೂರಿನಲ್ಲಿ ಇಟ್ಟುಕೊಂಡ. ನನಗೆ ಸುದ್ದಿ ಬಂದದ್ದು ಚಿಕ್ಕಪ್ಪನಿಂದ. ಅಣ್ಣನ ಜೊತೆ ಹೋಗುವ ಮಾತೇ ಇರಲಿಲ್ಲ. ಅದೇ ಕಾರಿನಲ್ಲಿ ಒಬ್ಬಳೇ ಹೋಗುವುದೆಂದು ನಿಶ್ಚಯಿಸಿ, ಆ ಬೆಳಿಗ್ಗೆ ಸೆಲ್ಲಾರಿಗೆ ಇಳಿದು ಬಾನೆಟ್ ಎತ್ತಿದೆ. ಬೆಳಕು ಆಗಲೇ ಒಳಗೆ ಬಿದ್ದಿತ್ತು. ಆಚೆ ತುದಿಯಲ್ಲಿ ವಾಚ್‌ಮನ್ ಹೆಂಡತಿ ಎಲ್ಲಮ್ಮ ಮೆಟ್ಟಿಲು ತೊಳೆಯುತ್ತಿದ್ದಳು. ಬೇರೆ ಯಾರೂ ಇರಲಿಲ್ಲ.

ಆಯಿಲ್ ಸರಿಯಿತ್ತು. ಬ್ರೇಕ್ ಆಯಿಲ್ ಸರಿಯಿತ್ತು. ಬಗ್ಗಿ ಕೂಲಂಟ್ ಡಬ್ಬಿ ನೋಡಿದೆ. ಮೇಲಿನ ಗೆರೆಯ ಹತ್ತಿರಕ್ಕೆ, ಎಂದಿನಂತೆ, ಇತ್ತು. ಬಾನೆಟ್ ಇಳಿಸಲು ಕೈ ಎತ್ತಿದೆ.

ಆಗ ಬೆನ್ನ ಹಿಂದಿನಿಂದ, ಅವ್ವ ಕುರ್ಚಿ ಹಾಕಿ ಕೂರುತ್ತಿದ್ದ ಕಂಬದ ಕಡೆಯಿಂದ, "ಹೆಚ್ಚಾಗೇತಿ ನೋಡ್ವಾ," ಎಂದು ಕೇಳಿಸಿತು.

ದೊಡ್ಡ ದನಿಯಲ್ಲ. ಬೈಗುಳವೂ ಅಲ್ಲ. ಒಲೆಯ ಮುಂದೆ ಕೂತು ಡಬ್ಬಿಯೊಳಗೆ ಇಣುಕಿ ಹೇಳುವಂಥ ದನಿ. ತಿರುಗಿ ನೋಡಿದರೆ ಕಂಬ, ಅದಕ್ಕೊರಗಿಸಿದ ಯಾರದೋ ಸೈಕಲ್ಲು. ನನಗೆ ಹೆದರಿಕೆ ಆಗಲಿಲ್ಲ ಎಂದು ನೆನಪು. ಹಾಗೆಂದು ನನ್ನ ನೆನಪನ್ನು ನಾನೇ ಪೂರ್ತಿ ನಂಬಲಾರೆ. ಏನೂ ಯೋಚಿಸದೆ ಡಬ್ಬಿಯ ಮುಚ್ಚಳ ತೆಗೆದು ಬೆರಳು ಇಳಿಸಿದೆ. ಬೆರಳು ಒದ್ದೆಯಾಗದೆ ಮೇಲೆ ಬಂತು.

ಹಳೆಯ ಪ್ಲಾಸ್ಟಿಕ್ ಡಬ್ಬಿ. ವರ್ಷಗಟ್ಟಲೆ ನೀರು ನಿಂತ ಮಟ್ಟಕ್ಕೆ ಒಳಗಡೆ ಕಂದು ಕಲೆ ಹಿಡಿದಿತ್ತು. ಹೊರಗಿನಿಂದ ನೋಡಿದರೆ ಅದೇ ನೀರಿನಂತೆ ಕಾಣುತ್ತಿತ್ತು. ಎಷ್ಟು ಭಾನುವಾರ ನಾನು ಆ ಕಲೆಯನ್ನು ನೋಡಿ ನೀರಿದೆ ಎಂದುಕೊಂಡಿದ್ದೆನೋ ಗೊತ್ತಿಲ್ಲ. ಅಣ್ಣನೂ ಅದನ್ನೇ ನೋಡಿದ್ದ. ಅವನು ಸುಳ್ಳು ಹೇಳಿರಲಿಲ್ಲ.

ಎಲ್ಲಮ್ಮ ಪೊರಕೆ ಹಿಡಿದು ನನ್ನ ಕಡೆ ನೋಡುತ್ತಿದ್ದಳು. ಈಗ ಮಾತಾಡಿದ್ದು ಯಾರು ಎಂದು ತೆಲುಗಿನಲ್ಲಿ ಕೇಳಿದೆ.

"ಮೀರೇ ಕದಮ್ಮಾ," ಎಂದಳು. ನೀವೇ ಅಲ್ಲವೇ ಅಮ್ಮ, ಎಂದು.

ಆ ದಿನ ನಾನು ರಾಯಚೂರಿಗೆ ಹೋಗಲಿಲ್ಲ. ಪೈಪೊಂದು ಸೀಳಿತ್ತು. ಹೊಸದು ಹಾಕಿಸುವಷ್ಟರಲ್ಲಿ ಕಾರ್ಯ ಮುಗಿದಿತ್ತು. ಹೊರಟಿದ್ದರೆ ಷಾದ್‌ನಗರ ದಾಟುವ ಮೊದಲೇ ಬಿಸಿಲಲ್ಲಿ ನಿಲ್ಲುತ್ತಿದ್ದೆ.

ಮರುವಾರ ಸುಲ್ತಾನ್ ಬಜಾರಿಗೆ ಹೋದೆ. ಅಣ್ಣ ಗಿರಾಕಿಗಳ ಮುಂದೆ ಡ್ರೆಸ್ ಪೀಸು ಬಿಚ್ಚಿ ಹರವುತ್ತಿದ್ದ. ನನ್ನನ್ನು ನೋಡಿಯೂ ನೋಡದವನಂತೆ ಕೆಲಸ ಮುಂದುವರಿಸಿದ. ಗಿರಾಕಿಗಳು ಎದ್ದ ಮೇಲೆ ಎಲ್ಲವನ್ನೂ ಹೇಳಿದೆ. ಡಬ್ಬಿಯ ಕಲೆ, ಒಣ ಬೆರಳು, ಅವ್ವನ ದನಿ. ಅವನು ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡ.

"ವರ್ಷದ ದಿನಾನೂ ಬರಲಿಲ್ಲ. ಈಗ ಇದನ್ನ ಹೇಳಾಕ ಬಂದಿ."

"ನೀ ಅವತ್ತ ಹೇಳಿದ್ದು ಖರೇ ಇತ್ತು ಅಂತ ಹೇಳಾಕ ಬಂದೀನಿ, ಅಣ್ಣಾ."

"ಜೀವಂತ ಇದ್ದಾವ ಹೇಳಿದ್ರ ಖರೇ ಅನಸಲಿಲ್ಲ. ಸತ್ತಾಕಿ ಬಂದು ಸಾಕ್ಷಿ ಹೇಳಬೇಕಾತು, ಹೌದಿಲ್ಲೊ?"

ಅವನು ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದ.

"ಏನಂದ್ಲು ಅಂದಿ?"

"ಹೆಚ್ಚಾಗೇತಿ ಅಂದ್ಲು."

ಅವನ ಕೈ ನಿಂತಿತು. ನನ್ನ ಕಡೆ ನೋಡದೆ ಹೇಳಿದ. "ಅವತ್ತ ಗಾಡ್ಯಾಗ ಇದನ್ನ ಅನ್ನಾಕತ್ತಿದ್ಲು. ಹೆಚ್ಚಾಗೇತಿ, ಹೆಚ್ಚಾಗೇತಿ ಅಂತ. ಎದಿಬ್ಯಾನಿ ಹೆಚ್ಚಾಗೇತಿ ಅಂತ ತಿಳಕೊಂಡೆ. ಅದಕ್ಕ ಇನ್ನೂ ಜೋರ ಹೊಡದೆ."

ಹಾಗೆ ಹೊಡೆದದ್ದಕ್ಕೇ ಎಂಜಿನ್ ಇನ್ನಷ್ಟು ಕಾದು ನಿಂತಿತು ಎಂದು ಅವನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಯಾರೋ ಹೆಂಗಸು ಬಂದು, "ಭಯ್ಯಾ, ಇಸ್ಮೇ ದೂಸ್ರಾ ಕಲರ್ ಹೈ ಕ್ಯಾ?" ಎಂದು ಬೇರೆ ಬಣ್ಣ ಕೇಳಿದಳು. ಅವನು ಎದ್ದು ಮೇಲಿನ ಖಾನೆಗೆ ಕೈ ಹಾಕಿದ. "ನೀ ನಡಿ ಇನ್ನ. ಗಿರಾಕಿ ಟೈಮ್ ಐತಿ," ಎಂದ. ನಾನು ಬಂದೆ. ಆಮೇಲೆ ಅವನು ಕರೆದಿಲ್ಲ.

ಇದನ್ನು ಎಷ್ಟೋ ಸಲ ಮಗುಚಿ ನೋಡಿದ್ದೇನೆ. ಅವ್ವ ಗಾಡಿಯಲ್ಲಿ ಆ ಮಾತು ಆಡಿದ್ದನ್ನು ಅಣ್ಣ ಸೂತಕದ ದಿನಗಳಲ್ಲಿ ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿದ್ದಿರಬಹುದು. ಡಬ್ಬಿಯಲ್ಲಿ ನೀರು ಅಲುಗದ್ದನ್ನು ಕಣ್ಣು ಕಂಡು, ಬಾಯಿ ತಾನಾಗಿ ಅವ್ವನ ಮಾತು ಆಡಿರಬಹುದು. ಎಲ್ಲಮ್ಮ ಹೇಳಿದ್ದೇ ನಿಜವಿರಬಹುದು. ಆದರೆ ದನಿ ಬೆನ್ನ ಹಿಂದೆ ಇತ್ತು. ಅದು ಅವ್ವನದೇ ಆಗಿದ್ದರೆ ಅವಳು ಯಾವುದನ್ನು ಹೇಳಿದಳು? ನೀರನ್ನೋ, ನೋವನ್ನೋ, ತನ್ನ ಆಯುಷ್ಯವನ್ನೋ? ತೀರಿದ್ದಕ್ಕೂ ಜಾಸ್ತಿಯಾದದ್ದಕ್ಕೂ ಒಂದೇ ಮಾತು ಕಲಿಸಿಹೋದವಳನ್ನು ಈಗ ಯಾರು ಕೇಳುವುದು?

ಹೊಸ ಡಬ್ಬಿ ಹಾಕಿಸಿದ್ದೇನೆ. ನೀರು ಸ್ಪಷ್ಟವಾಗಿ ಕಾಣುತ್ತದೆ. ಹೋದ ಭಾನುವಾರ ಬಾನೆಟ್ ಎತ್ತಿದಾಗ ಅದು ಗೆರೆಯವರೆಗೆ ತುಂಬಿತ್ತು. ಕಂಬದ ಕಡೆ ತಿರುಗಿ, ಬೇಕೆಂದೇ, ಜೋರಾಗಿ ಹೇಳಿದೆ.

"ನೀರು ಖಾಲಿ ಆಗೇತಿ ಬೇ."

ಯಾರೂ ಬೈಯಲಿಲ್ಲ. ಸ್ವಲ್ಪ ಹೊತ್ತು ಕಾದು ಬಾನೆಟ್ ಇಳಿಸಿದೆ.