ಉಲ್ಟಾ ಅಕ್ಕನ ಕೈಹೊಲಿಗೆ

ನಾಲ್ಕು ಮಹಡಿಯ ಬಟ್ಟೆ ಅಂಗಡಿ. ಮೇಲೆ ಹೋಗಲು ತಾನಾಗಿ ಓಡುವ ಮೆಟ್ಟಿಲು, ಬಾಗಿಲಲ್ಲಿ ಸಲಾಮು ಹೊಡೆಯಲು ಒಬ್ಬ, ಮೈಗೆ ಸೆಂಟು ಸಿಂಪಡಿಸಲು ಒಬ್ಬಳು. ಈ ವೈಭೋಗವನ್ನೆಲ್ಲ ಹಿಂದೆ ಬಿಟ್ಟು ಮೂರನೇ ಮಹಡಿಯ ಟ್ರಯಲ್ ರೂಮುಗಳನ್ನು ದಾಟಿದರೆ ಕಿಟಕಿಯಿಲ್ಲದ ಒಂದು ಕೋಣೆ ಸಿಗುತ್ತದೆ. ಅಲ್ಲೊಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಮಿಣಮಿಣ ಎನ್ನುವ ಟ್ಯೂಬ್‌ಲೈಟು. ಅದರಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಉಲ್ಟಾ ಅಕ್ಕ. ಗಿರಾಕಿಗಳ ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಗಿ ಮಾಡುವುದು, ತೋಳು ಇಳಿಸುವುದು ಅವಳ ಕೆಲಸ.

ಯಾವ ಬಟ್ಟೆ ಕೈಗೆ ಬಂದರೂ ಅವಳು ಮೊದಲು ಒಳಮೈ ಹೊರಗೆ ಮಾಡಿ ನೋಡುತ್ತಾಳೆ. ಆ ಹೆಸರು ಬಂದದ್ದೇ ಅದರಿಂದ. ಬಣ್ಣ, ಗುಂಡಿ, ಕಾಲರಿನ ಠೀವಿ ಎಲ್ಲ ಆಮೇಲೆ. ಅವಳ ಬೀದಿಯ ಹೆಂಗಸರು ಅವಳಂತೆ ಉಲ್ಟಾ ಮಾಡಿ ನೋಡದೆ ಒಂದು ಲಂಗವನ್ನೂ ಕೊಳ್ಳುತ್ತಿರಲಿಲ್ಲ. ಅವರಿಗೆ ಅವಳು ಹೇಳಿಕೊಟ್ಟ ಲೆಕ್ಕ ಸುಲಭದ್ದು.

"ಹೊಲಿಗೆ ಪಕ್ಕ ಬೆರಳಗಲ ಬಟ್ಟೆ ಬಿಟ್ಟಿದಾರಾ ನೋಡ್ರಿ. ಲೈನಿಂಗ್ ಅಂಚಿಗೆ ಕೈಹೊಲಿಗೆ ಇದ್ಯಾ ನೋಡ್ರಿ. ಇದ್ರೆ ಕಣ್ಮುಚ್ಕೊಂಡು ತಗೊಳ್ರಿ. ಕೂತು ಕೈಯಲ್ಲಿ ಹೊಲ್ದೋರು ಮೋಸ ಮಾಡಲ್ಲ."

ನಾಲ್ಕು ತಿಂಗಳ ಹಿಂದೆ ಫ್ಲೋರ್ ಮ್ಯಾನೇಜರ್ ಎರಡು ದೊಡ್ಡ ಪೆಟ್ಟಿಗೆ ಹೊರಿಸಿಕೊಂಡು ಅವಳ ಕೋಣೆಗೆ ಬಂದ. ಮಾತಿಗೆ ಮುಂಚೆ ನಗುವ ಆಸಾಮಿ. ಪೆಟ್ಟಿಗೆಯಲ್ಲಿ ಅರವತ್ತು ಕೋಟು, ಗಂಡಸರವೂ ಹೆಂಗಸರವೂ. ಲೈನಿಂಗ್ ಹರಿದದ್ದು, ಕಂಕುಳು ಬಿಚ್ಚಿದ್ದು, ಗಿರಾಕಿಗಳು ಬೈದು ವಾಪಸ್ ಎಸೆದು ಹೋದದ್ದು.

"ಅಕ್ಕಾ, ಇವನ್ನ ವೃದ್ಧಾಶ್ರಮಕ್ಕೆ ಕೊಡೋಣ ಅಂತಿದೀವಿ. ನಿಮ್ ಕೈ ಒಂದು ಬಿದ್ರೆ ಪಾಪ, ಚಳಿಗೆ ಹಾಕ್ಕೋತಾರೆ."

ಅಕ್ಕ ಕರಗಿಹೋದಳು. ಆ ಬಟ್ಟೆ ಯಂತ್ರದ ಏಟು ತಡೆಯುವಂಥದ್ದಲ್ಲ, ಸೂಜಿ ಬಿದ್ದಲ್ಲೆಲ್ಲ ಪಿಸಿಯುತ್ತಿತ್ತು. ಹಾಗಾಗಿ ಊಟದ ಬಿಡುವಿನಲ್ಲಿ, ಕೂಲಿಯ ಮಾತೆತ್ತದೆ, ಒಂದೊಂದನ್ನೂ ಕೈಯಲ್ಲೇ ಹೊಲಿದಳು. ಕಂಕುಳ ಹತ್ತಿರ ಬಟ್ಟೆಯೇ ಸತ್ತುಹೋಗಿತ್ತು. ದುಡಿಯುವ ಮೈಗೆ ಅದು ಒಂದು ದಿನ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೂತಲ್ಲೇ ಕೂರುವ ಮುದುಕರಿಗಲ್ಲವೇ, ಸಾಕು ಅಂದುಕೊಂಡಳು.

ಹೋದ ವಾರ ಅಕ್ಕನ ನಾದಿನಿಗೆ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮೊದಲ ದಿನಕ್ಕೆಂದು ಅದೇ ಅಂಗಡಿಯ ಸೇಲಿನಲ್ಲಿ, ಅತ್ತಿಗೆಗೆ ಅಚ್ಚರಿಯಾಗಲಿ ಎಂದು ಹೇಳದೆ ಕೇಳದೆ ಕೋಟು ಕೊಂಡಳು. ಆ ಮೊದಲ ದಿನ ಹನ್ನೊಂದು ಗಂಟೆಗೆ ಮೇಲಿನ ಅಟ್ಟದಿಂದ ಫೈಲು ತೆಗೆಯಲು ಕೈ ಎತ್ತಿದಳು ನೋಡಿ, ಕಂಕುಳಿಂದ ಸೊಂಟದವರೆಗೆ ಪರ್ರನೆ ಹರಿಯಿತು. ಇಡೀ ಆಫೀಸು ನಕ್ಕಿತು. ಸಂಜೆ ಬಂದವಳು ಕೋಟನ್ನು ಅತ್ತಿಗೆಯ ಮಡಿಲಿಗೆ ಎಸೆದಳು.

"ನೀವ್ ಹೇಳ್ದಂಗೇ ಒಳಗೆ ನೋಡಿ ತಗೊಂಡೆ ಅತ್ತಿಗೆ! ಕೈಹೊಲಿಗೆ ಇತ್ತು! ನಮ್ ಬೀದಿಯವ್ರು ಇನ್ನೂ ಆರು ಜನ ತಗೊಂಡಿದಾರೆ, ನಿಮ್ ಮಾತು ನಂಬ್ಕೊಂಡು."

ಅಕ್ಕ ಕೋಟನ್ನು ಉಲ್ಟಾ ಮಾಡಿದಳು. ಅವಳು ಎಡಚಿ. ಎಡಗೈಯ ಹೊಲಿಗೆ ಬೇರೆಯವರದಕ್ಕಿಂತ ಎದುರು ದಿಕ್ಕಿಗೆ ವಾಲುತ್ತದೆ. ಲೈನಿಂಗಿನ ಅಂಚಿನುದ್ದಕ್ಕೂ ಸಾಲಾಗಿ ವಾಲಿದ್ದವು ಅವಳದೇ ಹೊಲಿಗೆಗಳು. ಪಿತ್ತ ನೆತ್ತಿಗೇರಿತು. ಕಳಪೆ ಮಾಲಿಗೆ ಕಳಶವಿಟ್ಟವಳು ತಾನೇ ಎಂದು ಮೈಯೆಲ್ಲ ಉರಿಯಿತು. ಅವಳ ಹತ್ತಿರ ಇದ್ದದ್ದೇ ಒಂದು ಮಾತು, ಅದರ ಮೇಲೇ ಅಂಗಡಿಯವರು ವ್ಯಾಪಾರ ಮಾಡಿದ್ದರು.

"ಆ ಆರೂ ಜನಕ್ಕೆ ಹೇಳು. ನಾಳೆ ಕೋಟು ತಗೊಂಡು ಅಂಗಡಿಗೆ ಬರ್ಲಿ. ನನ್ ಮಾತಿಗೆ ತಗೊಂಡಿದಾರೆ, ನಾನೇ ವಾಪಸ್ ಮಾಡಿಸ್ತೀನಿ."

ಮರುದಿನ ಅಕ್ಕ ತನ್ನ ಕೋಣೆಗೆ ಹೋಗಲಿಲ್ಲ, ನೇರ ಎರಡನೇ ಮಹಡಿಗೆ ಹೋದಳು. ಅಲ್ಲಿ ಕೆಂಪು ಬೋರ್ಡು: 'ಅಪ್ಪಟ ಕೈಹೊಲಿಗೆಯ ಕೋಟುಗಳು, ಅರ್ಧ ಬೆಲೆ.' ಚೀಟಿಯಲ್ಲಿ ಯಾವತ್ತೂ ಇರದಿದ್ದ ಬೆಲೆಯೊಂದನ್ನು ಬರೆದು, ಅದರ ಮೇಲೆ ಗೀಟು ಹಾಕಿದ್ದರು. ಜನ ಮುಗಿಬಿದ್ದಿದ್ದರು. ಮ್ಯಾನೇಜರ್ ನಡುವೆ ನಿಂತು ಹಲ್ಲು ಕಿರಿಯುತ್ತಿದ್ದ.

"ವೃದ್ಧಾಶ್ರಮ ಈ ಮಹಡೀಲಿದ್ಯಾ ಸಾರ್?"

ಅವನು ದನಿ ತಗ್ಗಿಸಿದ. "ಮೇಲಿನವ್ರ ತೀರ್ಮಾನ ಬದಲಾಯ್ತು ಅಕ್ಕಾ. ನಿಮ್ ಕೈಗುಣಾನ ಎಲ್ರೂ ಹೊಗಳ್ತಿದಾರೆ. ಹರಿದಿದ್ದು ಅಂತ ಯಾರಿಗೂ ಗೊತ್ತೇ ಆಗಲ್ಲ, ಅಷ್ಟು ಚೆನ್ನಾಗಿ ಹೊಲ್ದಿದೀರ."

ಬೈದಿದ್ದರೆ ಸಹಿಸುತ್ತಿದ್ದಳೇನೋ, ಈ ಹೊಗಳಿಕೆ ಮಾತ್ರ ಕಪಾಳಕ್ಕೆ ಬಾರಿಸಿದಂತಾಯಿತು. ಅವಳು ಜೇಬಿನಿಂದ ಸೀಮೆಸುಣ್ಣ ತೆಗೆದಳು. ಮೊದಲ ಕೋಟನ್ನು ಹ್ಯಾಂಗರಿನಿಂದ ಎಳೆದು ಉಲ್ಟಾ ಮಾಡಿ, ಕಂಕುಳಿಗೆ ಗೀಟು ಹಾಕಿ ಮತ್ತೆ ನೇತುಹಾಕಿದಳು. ಎರಡನೆಯದು. ಮೂರನೆಯದು. ಜನ ಕೈಯಲ್ಲಿದ್ದದ್ದನ್ನು ಬಿಟ್ಟು ಸುತ್ತ ನಿಂತರು.

"ಏನಮ್ಮಾ ಇದು?" ಎಂದಳು ಕನ್ನಡಕದ ಮುದುಕಿಯೊಬ್ಬಳು.

"ನಾನು ತೇಪೆ ಹಾಕಿದ್ದು ಅಮ್ಮಾ. ಕೈ ಎತ್ತಿದ್ರೆ ಹರಿಯತ್ತೆ."

"ಸುಳ್ಳು!" ಮ್ಯಾನೇಜರ್ ಕೂಗಿದ. "ಕಬ್ಬಿಣದಂಥ ಮಾಲು ಇದು!"

"ಹಂಗಾದ್ರೆ ಹಾಕ್ಕೊಳ್ಳಿ ಸಾರ್."

ಇಪ್ಪತ್ತು ಜೊತೆ ಕಣ್ಣು ಅವನ ಮೇಲಿದ್ದವು. ಹಾಕಿಕೊಳ್ಳದೆ ಗತಿಯಿರಲಿಲ್ಲ. ಹಾಕಿಕೊಂಡು ಗುಂಡಿ ಬಿಗಿದು, ಕೈಗಳನ್ನು ಮೈಗೆ ಅಂಟಿಸಿಕೊಂಡು ಗೊಂಬೆಯಂತೆ ನಿಂತು ನಕ್ಕ. ಅಷ್ಟರಲ್ಲಿ ಓಡುವ ಮೆಟ್ಟಿಲಿನಿಂದ ನಾದಿನಿ, ಅವಳ ಹಿಂದೆ ಬೀದಿಯ ಆರು ಹೆಂಗಸರು ಮೇಲೆ ಬಂದರು. ಏಳೂ ತೋಳುಗಳ ಮೇಲೆ ಏಳು ಕೋಟು, ಎಲ್ಲವೂ ಉಲ್ಟಾ.

"ಸೇಲ್ ಮಾಲು ವಾಪಸ್ ತಗೊಳಲ್ಲ," ಎಂದಳು ಬಿಲ್ಲಿನ ಹುಡುಗಿ ಅಭ್ಯಾಸಬಲದಿಂದ. ಆಮೇಲೆ ಗಿರಾಕಿಗಳ ಮುಖ ನೋಡಿ, ಒಂದೊಂದಾಗಿ ಕೋಟು ಎಣಿಸಿಕೊಂಡು ದುಡ್ಡು ಕೊಡತೊಡಗಿದಳು.

ಮ್ಯಾನೇಜರನ ನಗು ಇಳಿಯಿತು. "ಇಪ್ಪತ್ತೆರಡು ವರ್ಷ ಅನ್ನ ಹಾಕಿದ ಅಂಗಡಿಗೆ ಹಿಂಗ್ ಮಾಡ್ತೀರಾ? ನಿಮ್ ಕೆಲಸ ಮುಗೀತು. ಆಚೆ ಹೋಗಿ!"

ಅಕ್ಕ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡಳು.

"ಹೋಗ್ತೀನಿ ಸಾರ್. ಬಾಗಿಲು ಎಲ್ಲಿದೆ ಅಂತ ಕೈ ಎತ್ತಿ ತೋರಿಸಿ, ಈಗ್ಲೇ ಹೋಗ್ತೀನಿ."

ಎಲ್ಲರೂ ಕಾದರು. ಕನ್ನಡಕದ ಮುದುಕಿ, "ಎತ್ತಪ್ಪಾ, ಎತ್ತು," ಎಂದಳು. ಅವನು ಎತ್ತಲಿಲ್ಲ.