ಸೊನ್ನೆ ತೋರಿಸಿದ ಕೋಣೆ

ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿದವನನ್ನು ಜನ ಮೀಟರಣ್ಣ ಎನ್ನದೆ ಇನ್ನೇನೆಂದಾರು? ಹೆತ್ತವರು ಇಟ್ಟ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು, ನಿವೃತ್ತಿಯ ದಿನ ಅದೂ ಮುಚ್ಚಿಹೋಯಿತು. ಮನುಷ್ಯ ಕೆಟ್ಟವನೇನಲ್ಲ. ಯಾರ ಮುಂದೂ ಕೈಯೊಡ್ಡಿದವನಲ್ಲ, ಯಾರ ನಾಯಿಗೂ ಕಲ್ಲೆಸೆದವನಲ್ಲ. ಆ ಕಸುಬಿನಲ್ಲಿ ಈ ಎರಡನೆಯದು ಸಣ್ಣ ಮಾತಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಸುಬಿನ ಗುಣವೂ ಹಾಗೆಯೇ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದು ಕಂಡರೆ ಅವನಿಗೆ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು. ಊಟಕ್ಕೆ ಕೂತವನು ಎಂಜಲುಗೈಯಲ್ಲೇ ಎದ್ದು ಹೋಗಿ ಮೊಣಕೈಯಿಂದ ಸ್ವಿಚ್ ಆರಿಸಿ ಬರುತ್ತಿದ್ದ.

ಅಂಕಿ ನೋಡಿ ಸಂಸಾರ ಹೇಳುವ ವಿದ್ಯೆಯೂ ಅವನಿಗೆ ಒಲಿದಿತ್ತು. "ಮೂಲೆಮನೆ ವಕೀಲರಲ್ಲಿ ಈ ತಿಂಗಳು ನೆಂಟರು ಬಂದು ಝಂಡಾ ಹೂಡಿದಾರೆ ಕಣೆ," ಎಂದು ಹೆಂಡತಿಗೆ ಹೇಳುತ್ತಿದ್ದ. "ಬೇಕರಿಯವನ ಮಗಳ ಪರೀಕ್ಷೆ ಮುಗೀತು ಅಂತ ಕಾಣುತ್ತೆ, ಮಹಡಿ ಮೀಟರ್ ತಣ್ಣಗಾಗಿದೆ." ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಹೂಂ" ಎನ್ನುತ್ತಿದ್ದಳು.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅವನು ಕಲಿಸುತ್ತಿದ್ದ ಮೊದಲ ಪಾಠ ಸೊನ್ನೆಯದು. "ಮೀಟರ್ ಹೋದ ತಿಂಗಳು ಎಲ್ಲಿತ್ತೋ ಅಲ್ಲೇ ನಿಂತಿದೆ ಅಂದ್ರೆ ಮೂರೇ ಕಾರಣ. ಒಂದು, ಮನೆಗೆ ಬೀಗ. ಎರಡು, ಮೀಟರ್ ಕೆಟ್ಟಿದೆ. ಮೂರು, ಕಳ್ಳತನ. ನಾಲ್ಕನೇದು ಅಂತ ಇಲ್ಲ. ಯಾರನ್ನೂ ಕೇಳೋಕೆ ಹೋಗ್ಬೇಡಿ. ಜನ ಸುಳ್ಳು ಹೇಳ್ತಾರೆ, ಮೀಟರ್ ಹೇಳಲ್ಲ."

ಇಂಥವನು ನಿವೃತ್ತನಾದ ಮೇಲೆ ಮನೆಗೆ ಸೋಲಾರ್ ಹಾಕಿಸಲು ಹೊರಟದ್ದರಲ್ಲಿ ಆಶ್ಚರ್ಯವಿಲ್ಲ. ದಿನಾ ಸಂಜೆ ಎರಡು ಗಂಟೆ ಹೊತ್ತು ಕರೆಂಟ್ ಹೋಗುತ್ತಿತ್ತು. ಹೆಂಡತಿಯ ಮಿಷನ್ನು ಅರ್ಧ ತೋಳು ಹೊಲಿದು ನಿಂತುಬಿಡುತ್ತಿತ್ತು. ಚಾವಣಿಯ ಮೇಲೆ ಸೋಲಾರ್ ಹಲಗೆ, ಮೆಟ್ಟಿಲ ಕೆಳಗೆ ಬ್ಯಾಟರಿ, ಆಮೇಲೆ ಯಾರ ಹಂಗೂ ಇಲ್ಲ ಎಂದು ಅವನು ನಿಶ್ಚಯಿಸಿದ. ಸೋಲಾರ್ ಕಂಪನಿಯಿಂದ ಒಬ್ಬ ಎಂಜಿನಿಯರ್ ಹೆಣ್ಣುಮಗಳು ಟೇಪು ಹಿಡಿದುಕೊಂಡು ಬಂದಳು, ಚಾವಣಿ ಅಳೆದಳು, ಕಾಫಿ ಕುಡಿದಳು.

"ಒಂದು ಅಂದಾಜು ಪಟ್ಟಿ ಕೊಡಿ ಸರ್, ಸಾಕು," ಎಂದಳು. "ಯಾವ ಕೋಣೇಲಿ ಏನೇನಿದೆ, ದಿನಕ್ಕೆ ಎಷ್ಟು ಹೊತ್ತು ಓಡುತ್ತೆ ಅಂತ. ಈ ಬ್ಯಾಟರಿ ಇಡೀ ಮನೆ ಹೊರಲ್ಲ. ಕರೆಂಟ್ ಹೋದಾಗ ಯಾವುದು ನಡೀಲೇಬೇಕೋ ಅದಷ್ಟನ್ನೇ ಬ್ಯಾಟರಿ ಲೈನಿಗೆ ಹಾಕೋಣ."

"ಅಂದಾಜಾ?" ಎಂದ ಮೀಟರಣ್ಣ. ಮೂವತ್ತೊಂದು ವರ್ಷದ ಕಸುಬಿಗೆ ಆದ ಅವಮಾನವೆಲ್ಲ ಆ ಒಂದು ಪದದಲ್ಲಿತ್ತು. "ಹದಿನಾಲ್ಕು ದಿನ ಟೈಮ್ ಕೊಡಿಯಮ್ಮ. ನಿಮಗೆ ಲೆಕ್ಕ ಕೊಡ್ತೀನಿ, ಅಂದಾಜಲ್ಲ."

ಮರುದಿನವೇ ನಡುಮನೆಯ ಗೋಡೆಗೆ ಒಂದು ಮರದ ಹಲಗೆ ಬಂತು, ಅದರ ಮೇಲೆ ಸಾಲಾಗಿ ಐದು ಪುಟ್ಟ ಮೀಟರು. ಹಾಲಿಗೊಂದು, ಅಡುಗೆಮನೆಗೊಂದು, ಹೊಲಿಗೆ ಕೋಣೆಗೊಂದು, ಗಂಡಹೆಂಡತಿಯ ಕೋಣೆಗೊಂದು, ಹಿಂದಿನ ಕೋಣೆಗೊಂದು. ಹಿಂದಿನ ಕೋಣೆಯಲ್ಲಿ ಇದ್ದವಳು ಅವನ ಅಕ್ಕ. ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು, ಭಾವ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಮೆತ್ತಗೆ ನಡೆಯುವ, ಮೆತ್ತಗೆ ಕೆಮ್ಮುವ ಹೆಂಗಸು. ಕರೆಂಟ್ ಹೋದಾಗ ಮಾತ್ರ ಆ ಮನೆಗೆ ಅವಳೇ ಯಜಮಾನಿ. ಉಳಿದವರು ಗೋಡೆ ತಡವುತ್ತಿದ್ದರೆ ಅವಳು ಸರಸರನೆ ಬಂದು ಮೇಣದಬತ್ತಿ ಹಚ್ಚಿಡುತ್ತಿದ್ದಳು. "ಅಕ್ಕಂದು ಬೆಕ್ಕಿನ ಕಣ್ಣು," ಎಂದು ಮೀಟರಣ್ಣ ಬಂದವರ ಮುಂದೆಲ್ಲ ಹೊಗಳುತ್ತಿದ್ದ.

ಹದಿನಾಲ್ಕು ದಿನ ಬೆಳಿಗ್ಗೆ ಆರಕ್ಕೆ ಎದ್ದು, ಹಲ್ಲುಜ್ಜುವ ಮೊದಲೇ ಐದು ಅಂಕಿ ಬರೆದುಕೊಂಡ. ಚಾವಣಿ ಹತ್ತಿ ನೀರಿನ ಟ್ಯಾಂಕಿನ ನೆರಳು ಒಂಬತ್ತಕ್ಕೆ ಎಲ್ಲಿ ಬೀಳುತ್ತದೆ, ಮೂರಕ್ಕೆ ಎಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದ. ಮೂರನೆಯ ದಿನವೇ ಐದನೆಯ ಮೀಟರು ಅಲ್ಲಾಡದೆ ನಿಂತದ್ದು ಅವನ ಕಣ್ಣಿಗೆ ಬಿತ್ತು. ಕೆಟ್ಟಿರಬೇಕೆಂದು ಅದಕ್ಕೆ ಇಸ್ತ್ರಿಪೆಟ್ಟಿಗೆ ಜೋಡಿಸಿ ನೋಡಿದ. ಬುಗುರಿಯ ಹಾಗೆ ಓಡಿತು. ಅದನ್ನು ಸೊನ್ನೆಗೆ ತಿರುಗಿಸಿಟ್ಟ. ಆಗಲಾದರೂ ಅವನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬದಲಿಗೆ ಹಿಗ್ಗಿದ! "ನೋಡು, ಅಕ್ಕನ್ನ ನೋಡಿ ಕಲಿ," ಎಂದು ಹೆಂಡತಿಗೆ ಬುದ್ಧಿ ಹೇಳಿದ. ಹದಿನೈದನೆಯ ದಿನ ಪಟ್ಟಿಯನ್ನು ಎಂಜಿನಿಯರಿಗೆ ಕಳಿಸಿದ; ಐದನೆಯ ಸಾಲಿನಲ್ಲಿ ಹದಿನಾಲ್ಕು ಸೊನ್ನೆಗಳು ಮುತ್ತು ಪೋಣಿಸಿದ ಹಾಗಿದ್ದವು.

ನಾಲ್ಕು ದಿನ ಬಿಟ್ಟು ನಕ್ಷೆ ಬಂತು. ಹಾಲು, ಅಡುಗೆಮನೆ, ಹೊಲಿಗೆ ಕೋಣೆ, ಮಲಗುವ ಕೋಣೆ ಎಲ್ಲಕ್ಕೂ ಹಸಿರು ಬಣ್ಣ, ಅಂದರೆ ಬ್ಯಾಟರಿ ಲೈನು. ಹಿಂದಿನ ಕೋಣೆಗೆ ಬೂದು ಬಣ್ಣ. ಅದರೊಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: "ಸಾಮಾನು ಕೋಣೆ. ಬಳಕೆ ಇಲ್ಲ. ಬ್ಯಾಟರಿ ಬೇಕಿಲ್ಲ."

ಮೀಟರಣ್ಣ ಮೊದಲು ನಕ್ಕ. ತಪ್ಪು ತಿದ್ದಲು ಜೇಬಿನಿಂದ ಪೆನ್ನನ್ನೂ ತೆಗೆದ. "ಸಾಮಾನು" ಎಂಬುದನ್ನು ಹೊಡೆದುಹಾಕಿ "ಅಕ್ಕನ" ಎಂದು ಬರೆದ. ಆಗ ಸಾಲು ಹೀಗಾಯಿತು: ಅಕ್ಕನ ಕೋಣೆ, ಬಳಕೆ ಇಲ್ಲ.

ಎದ್ದು ಹಿಂದಿನ ಕೋಣೆಗೆ ಹೋದ. ನಡು ಮಧ್ಯಾಹ್ನ. ಅಕ್ಕ ಒಣಗಿದ ಬಟ್ಟೆ ತರಲು ಚಾವಣಿಗೆ ಹೋಗಿದ್ದಳು. ಆ ಕೋಣೆಗೆ ಅವನು ಹೋಗದೆ ಎಷ್ಟು ದಿನವಾಗಿತ್ತೋ, ಬಾಗಿಲಲ್ಲಿ ನಿಂತು ಮಾತಾಡಿ ಹೋಗುವುದೇ ರೂಢಿ. ಮಂಚವನ್ನು ಕಿಟಕಿಗೆ ಒತ್ತರಿಸಿ ಹಾಕಿತ್ತು, ಓದುವ ಕನ್ನಡಕ ಕಿಟಕಿಯ ಕಟ್ಟೆಯ ಮೇಲಿತ್ತು. ಪರದೆಯ ಅಂಚಿಗೆ ಏಳು ಸೂಜಿ ಚುಚ್ಚಿಟ್ಟಿತ್ತು, ಏಳಕ್ಕೂ ಬೇರೆ ಬೇರೆ ಬಣ್ಣದ ದಾರ ಪೋಣಿಸಿ ಸಿದ್ಧವಾಗಿತ್ತು. ಯಾಕೆಂದು ಅವನಿಗೆ ತಟ್ಟನೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು: ಬೆಳಕಿರುವಾಗಲೇ ಪೋಣಿಸಿಟ್ಟುಕೊಂಡರೆ ಕತ್ತಲಾದ ಮೇಲೆ ಬೆರಳಂದಾಜಿನಲ್ಲೇ ಹೊಲಿಯಬಹುದು.

ಸ್ವಿಚ್ ಒತ್ತಿದ. ಮನೆಯ ಬಲ್ಬುಗಳನ್ನೆಲ್ಲ ಎಂಟು ವರ್ಷದ ಹಿಂದೆಯೇ ಎಲ್‌ಇಡಿಗೆ ಬದಲಿಸಿದ್ದ. ಇಲ್ಲಿ ಮಾತ್ರ ಹಳೆಯ ತಂತಿಯ ಬಲ್ಬೇ ಇತ್ತು. "ನಂದಿನ್ನೂ ಚೆನ್ನಾಗಿದೆ, ಬಿಡು," ಎಂದಿದ್ದಳು ಅಕ್ಕ. ಅದು ಹಳದಿಯಾಗಿ ಹೊತ್ತಿಕೊಂಡಿತು, ಒಂದು ನಿಮಿಷಕ್ಕೆಲ್ಲ ಬಲ್ಬಿನ ಮೇಲೆ ಕೂತಿದ್ದ ಧೂಳು ಸುಟ್ಟ ವಾಸನೆ ಕೋಣೆ ತುಂಬಿತು. ಫ್ಯಾನ್ ಹಾಕಿದ. ರೆಕ್ಕೆಗಳಿಂದ ಧೂಳಿನ ಮುದ್ದೆ ಜಾರಿ ಅಕ್ಕನ ದಿಂಬಿನ ಮೇಲೆ ಬಿತ್ತು. ಅವನು ಅಲ್ಲೇ ಮಂಚದ ಮೇಲೆ ಕುಸಿದು ಕೂತ.

ಅಷ್ಟರಲ್ಲಿ ಅಕ್ಕ ಬಟ್ಟೆಯ ರಾಶಿ ಹೊತ್ತು ಬಂದಳು. ತಮ್ಮನನ್ನು ನೋಡುವ ಮೊದಲು ದೀಪ ನೋಡಿದಳು. ಮುಖ ಬಿಳಿಚಿಕೊಂಡಿತು. ಬಟ್ಟೆ ಕೆಳಗೆ ಬಿದ್ದರೂ ಲೆಕ್ಕಿಸದೆ ಹೋಗಿ ಎರಡು ಸ್ವಿಚ್ಚನ್ನೂ ಪಟಪಟನೆ ಆರಿಸಿದಳು.

"ಅಯ್ಯಯ್ಯೋ, ಮರೆತು ಹಾಕಿಬಿಟ್ಟಿದ್ನಾ? ನಾನು ಮುಟ್ಟೇ ಇಲ್ವಲ್ಲೋ... ತಪ್ಪಾಯ್ತಪ್ಪ. ಗೋಡೆಗೆ ಗಾಳಿ ಹಾಕಿದ ಹಾಗಾಯ್ತು."

ಗೋಡೆಗೆ ಗಾಳಿ. ಆ ಮಾತು ಯಾರದೆಂದು ಅವನಿಗೆ ಆಗ ನೆನಪಾಯಿತು. ಅದು ಅವನದೇ. ಅಕ್ಕ ಬಂದ ಮೊದಲ ಬೇಸಿಗೆ, ಕಚೇರಿಯ ಗೆಳೆಯರು ನಾಲ್ಕು ಮಂದಿ ಮನೆಯಲ್ಲಿ ಕೂತಿದ್ದರು. ಅಕ್ಕ ಬಚ್ಚಲಿಗೆ ಹೋದಾಗ ಅವಳ ಕೋಣೆಯ ಫ್ಯಾನ್ ತಿರುಗುತ್ತಿತ್ತು. ಅವಳು ಹೊರಬರುತ್ತಿದ್ದಂತೆ ಮೀಟರಣ್ಣ ಎಲ್ಲರೆದುರಿಗೆ, "ಏನಕ್ಕಾ, ಗೋಡೆಗೆ ಸೆಖೆ ಆಗಿತ್ತಾ? ಗಾಳಿ ಹಾಕ್ತಾ ಇದ್ದೀಯಲ್ಲ!" ಎಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಡಿದವನು ಆ ಸಂಜೆಯೇ ಮರೆತ. ಕೇಳಿಸಿಕೊಂಡವಳು ಹನ್ನೊಂದು ವರ್ಷ ಫ್ಯಾನ್ ಮುಟ್ಟಲಿಲ್ಲ, ದೀಪ ಮುಟ್ಟಲಿಲ್ಲ.

"ಅಕ್ಕ, ನಾನು ಆವತ್ತು ಹಾಗೆ ಅನ್ಬಾರದಿತ್ತು," ಎಂದ.

"ಅದಾ? ತಮಾಷೆಗೆ ತಾನೇ ಅಂದಿದ್ದು? ನಾನೂ ನಕ್ಕಿದ್ನಲ್ಲೋ." ಅವಳು ಬಟ್ಟೆ ಆಯ್ದುಕೊಳ್ಳತೊಡಗಿದಳು. "ನನಗೇನು ಕಷ್ಟ? ಹಗಲೆಲ್ಲ ಕಿಟಕಿ ಇದೆ. ಸಂಜೆ ಅಡುಗೆಮನೇಲಿ ಹೇಗೂ ದೀಪ ಇರುತ್ತೆ, ಅಲ್ಲೇ ಕೂತ್ಕೋತೀನಿ. ಮಲಗೋಕೆ ಬೆಳಕು ಯಾಕೆ?"

ಅವನು ಹೆಂಡತಿಯ ಬಳಿ ಹೋಗಿ, "ಅಕ್ಕ ಫ್ಯಾನ್ ಹಾಕಲ್ಲ ಅಂತ ನಿನಗೆ ಗೊತ್ತಿತ್ತಾ?" ಎಂದು ಕೇಳಿದ. ಅವಳು ಮಿಷನ್ನಿನಿಂದ ತಲೆಯೆತ್ತಿದಳು. "ಅತ್ತಿಗೆಗೆ ಗಾಳಿ ಆಗಲ್ವಂತಲ್ಲ? ಬಂದ ವರ್ಷವೇ ಹೇಳಿದ್ರಪ್ಪ. ನೀವೇ ಅವರನ್ನ ಡಾಕ್ಟರ ಹತ್ರ ತೋರಿಸಿದೀರಿ ಅಂದ್ಕೊಂಡಿದ್ದೆ." ಗಂಡನ ಮುಖ ನೋಡಿ ಅವಳು ಹೊಲಿಗೆ ನಿಲ್ಲಿಸಿದಳು. ಆ ದಿನ ಇಬ್ಬರಿಗೂ ಊಟ ಸೇರಲಿಲ್ಲ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವರು ಲೋಕದಲ್ಲಿ ಬೇಕಾದಷ್ಟು ಜನ. ಮೀಟರಣ್ಣ ತಾನೂ ಅವರಲ್ಲೊಬ್ಬ ಎಂದು ಅರುವತ್ತೊಂದನೆಯ ವಯಸ್ಸಿನಲ್ಲಿ ಕಂಡುಕೊಂಡ. ವಕೀಲರ ಮನೆಯ ನೆಂಟರನ್ನು ಎಣಿಸಿದವನಿಗೆ ಗೋಡೆಯಾಚೆಯ ಅಕ್ಕ ಕಾಣಲಿಲ್ಲ. ಬೆಕ್ಕಿನ ಕಣ್ಣಂತೆ, ಬೆಕ್ಕಿನ ಕಣ್ಣು! ಹನ್ನೊಂದು ವರ್ಷ ಕತ್ತಲಲ್ಲಿ ಕೂರಿಸಿದರೆ ಯಾರಿಗಾದರೂ ಬರುತ್ತದೆ. ಸೊನ್ನೆಯ ಪಾಠ ಅವನಿಗೇ ತಿರುಗಿ ಬಂತು. ಕೋಣೆಗೆ ಬೀಗವಿರಲಿಲ್ಲ. ಮೀಟರ್ ಕೆಟ್ಟಿರಲಿಲ್ಲ. ಉಳಿದದ್ದು ಮೂರನೆಯ ಕಾರಣ. ಕದ್ದವರು ಯಾರೆಂದು ಹುಡುಕಿಕೊಂಡು ಬೀದಿಗೆ ಹೋಗಬೇಕಾಗಿರಲಿಲ್ಲ.

ಎಂಜಿನಿಯರ್ ಮತ್ತೆ ಬಂದಾಗ ಅವನು ನಕ್ಷೆ ಬಿಡಿಸಿಟ್ಟು ಹೇಳಿದ: "ಈ ಕೋಣೆ ಬ್ಯಾಟರಿ ಲೈನಿಗೆ ಬರಬೇಕು. ದೀಪ ಐದು ಗಂಟೆ, ಫ್ಯಾನ್ ಹನ್ನೆರಡು ಗಂಟೆ ಬರ್ಕೊಳ್ಳಿ."

"ನಿಮ್ಮ ಲೆಕ್ಕದಲ್ಲಿ ಇಲ್ಲಿ ಸೊನ್ನೆ ಇದೆಯಲ್ಲ ಸರ್?"

"ಲೆಕ್ಕ ತಪ್ಪು."

ಅವನ ಬಾಯಿಂದ ಈ ಎರಡು ಪದ ಹೊರಟದ್ದು ಜೀವಮಾನದಲ್ಲಿ ಅದೇ ಮೊದಲು. ಎಂಜಿನಿಯರ್ ತಲೆ ಕೆರೆದುಕೊಂಡಳು. ಟ್ಯಾಂಕಿನ ನೆರಳು ಬಿಟ್ಟರೆ ಚಾವಣಿಯಲ್ಲಿ ಇನ್ನೊಂದು ಹಲಗೆಗೆ ಜಾಗವಿಲ್ಲ, ಇದನ್ನು ಸೇರಿಸಿದರೆ ಇನ್ನೇನಾದರೂ ಬಿಡಬೇಕು ಎಂದಳು. ಮೀಟರಣ್ಣ ಹಾಲಿನ ದೊಡ್ಡ ಟಿವಿಯನ್ನು ತೋರಿಸಿದ. ಸಂಜೆಯ ಕ್ರಿಕೆಟ್ ತಪ್ಪಿದರೆ ಅನ್ನ ಬಿಡುವ ಗಂಡ ಇವನೇನಾ ಎಂದು ಹೆಂಡತಿ ಹುಬ್ಬೇರಿಸಿದಳು.

ಸೋಲಾರ್ ಹಲಗೆ ಬಂತು, ಬ್ಯಾಟರಿ ಬಂತು. ಅಕ್ಕನ ಕೋಣೆಗೆ ಹೊಸ ದೀಪ ಹಾಕಿ, ಫ್ಯಾನಿನ ರೆಕ್ಕೆಗಳನ್ನು ಮೀಟರಣ್ಣ ತಾನೇ ಏಣಿ ಹತ್ತಿ ಒರೆಸಿದ. ಮೊದಲ ಸಂಜೆ ಕರೆಂಟ್ ಹೋದಾಗ ಬೀದಿಯೆಲ್ಲ ಕಗ್ಗತ್ತಲು, ಇವರ ಮನೆ ಮಾತ್ರ ಝಗಝಗ. ಹೊಲಿಗೆ ಮಿಷನ್ ಓಡುತ್ತಲೇ ಇತ್ತು. ಹಿಂದಿನ ಕೋಣೆಯ ಬಾಗಿಲ ಕೆಳಗೆ ಮಾತ್ರ ಒಂದು ಎಳೆ ಬೆಳಕೂ ಇರಲಿಲ್ಲ.

"ಈಗ ಬಿಸಿಲಿನ ಕರೆಂಟ್ ಕಣಕ್ಕಾ, ಎಷ್ಟು ಬೇಕಾದ್ರೂ ಹಾಕ್ಕೋ," ಎಂದ ಬಾಗಿಲಲ್ಲಿ ನಿಂತು.

"ಬಿಸಿಲು ಮುಳುಗಿಹೋಯ್ತಲ್ಲೋ. ಈಗಿರೋದು ಕೂಡಿಟ್ಟಿದ್ದು ತಾನೇ? ಅವಳಿಗೆ ಹೊಲಿಗೆಗೆ ಬೇಕು."

ಹೇಳಿ ಪ್ರಯೋಜನವಿಲ್ಲ ಎಂದು ಅವನಿಗೆ ಅರ್ಥವಾಯಿತು. ಹನ್ನೊಂದು ವರ್ಷದ ಹಿಂದೆ ಒಂದೇ ಮಾತಿನಲ್ಲಿ ಕೆಡಿಸಿದ್ದನ್ನು ನೂರು ಮಾತಿನಲ್ಲೂ ಸರಿಮಾಡಲಾಗದು. ಮರುದಿನ ಸಂಜೆ ಪೇಪರ್ ಹಿಡಿದುಕೊಂಡು ಅಕ್ಕನ ಕೋಣೆಗೆ ಹೋದ. "ಹಾಲಲ್ಲಿ ಮಿಷನ್ ಸದ್ದು ಕೇಳುತ್ತೆ, ಇಲ್ಲೇ ಓದ್ತೀನಿ," ಎಂದು ಸುಳ್ಳು ಹೇಳಿ ದೀಪ ಹಾಕಿದ, ಫ್ಯಾನ್ ಹಾಕಿದ. ಅಕ್ಕ ಮೂಲೆಯಲ್ಲಿ ಕೂತು ರವಿಕೆಗೆ ಗುಂಡಿ ಹಚ್ಚಿದಳು. ಎರಡು ಗಂಟೆ ಕೂತು ಎದ್ದು ಹೊರಬಂದ. ಬೆನ್ನ ಹಿಂದೆಯೇ ಟಕ್, ಟಕ್ ಎಂದು ಎರಡು ಸ್ವಿಚ್ ಆರಿದ ಸದ್ದು. ಅವನು ನಡುಮನೆಯಲ್ಲಿ ಮೀಟರುಗಳ ಹಲಗೆಯ ಎದುರು ನಿಂತ. ಐದನೆಯದು ಸ್ವಲ್ಪ ಮುಂದೆ ಹೋಗಿತ್ತು. ಅದು ಅಕ್ಕನ ಲೆಕ್ಕವಲ್ಲ, ತನ್ನದು ಎಂದು ಮೂವತ್ತೊಂದು ವರ್ಷ ಮೀಟರ್ ಓದಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೂ ದಿನಾ ಹೋದ. ದಿನಾ ಟಕ್, ಟಕ್. ಒಂದು ತಿಂಗಳು ಹೀಗೆಯೇ ನಡೆಯಿತು.

ಒಂದು ಸಂಜೆ ಬ್ಯಾಂಕಿನ ಕೆಲಸ ತಡವಾಗಿ, ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಮನೆಗೆ ಬಂದ. ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. ಹಿಂದಿನ ಕೋಣೆಯ ಬಾಗಿಲ ಕೆಳಗೆ ಬೆಳಕಿತ್ತು. ಒಂದು ಚಪ್ಪಲಿ ಕಾಲಲ್ಲೇ ಇದ್ದಂತೆ ಓಡಿಹೋಗಿ ಬಾಗಿಲು ತೆಗೆದ.

ಅಕ್ಕ ಅದೇ ಮೂಲೆಯಲ್ಲಿ ಕೂತಿದ್ದಳು. ಕೈಯಲ್ಲಿ ಸೂಜಿಯಿರಲಿಲ್ಲ, ಪುಸ್ತಕವಿರಲಿಲ್ಲ. ದೀಪದ ಕೆಳಗೆ ಅವನ ಕುರ್ಚಿ ಇತ್ತು, ಕುರ್ಚಿಯ ಮೇಲೆ ಪೇಪರ್ ಮಡಿಸಿಟ್ಟಿತ್ತು.

"ಎಷ್ಟೊತ್ತಾಯ್ತೋ! ನೀನು ಬರ್ತೀಯ ಅಂತ ಹಾಕಿಟ್ಟಿದ್ದೆ," ಎಂದಳು. ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಕೈ ಆಗಲೇ ಸ್ವಿಚ್ಚಿನ ಕಡೆಗೆ ಹೋಗಿತ್ತು. "ಈಗ ತಾನೇ ಹಾಕಿದ್ದು ಕಣೋ, ಬಹಳ ಹೊತ್ತಾಗಿಲ್ಲ."