ಪ್ರೆಸ್ಸಿನ ಅಕ್ಕನ ರಿಫ್ರೆಶ್

ವೆಬ್‌ಪುಟವನ್ನೇ ಸಾಫ್ಟ್‌ವೇರ್ ಮಾಡಿ ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡಿಸುವುದು ನನ್ನ ಕಸುಬು. ಹೊಳಲ್ಕೆರೆಯ ಪ್ರೆಸ್ಸೊಂದಕ್ಕೆ ಲಗ್ನಪತ್ರಿಕೆ ಟೈಪ್ ಮಾಡಲು ಅಂಥದ್ದೊಂದು ಮಾಡಿಕೊಟ್ಟಿದ್ದೆ. ಪ್ರೆಸ್ಸಿನ ಅಕ್ಕ ತಾಳ್ಯದ ಮದುವೆಯೊಂದಕ್ಕೆ ಅಜ್ಜಂದಿರಿಂದ ಹಿಡಿದು ಸೋದರಮಾವಂದಿರವರೆಗೆ ಎಲ್ಲರ ಹೆಸರು ಟೈಪ್ ಮಾಡಿ, ಅಭ್ಯಾಸಬಲದಿಂದ ಎಫ್‌ಫೈವ್ ಕೀ ಒತ್ತಿದರು. ವೆಬ್‌ಪುಟವಲ್ಲವೇ, ಹೊಸದಾಗಿ ತೆರೆದುಕೊಂಡಿತು. ಒಂದು ಹೆಸರೂ ಉಳಿಯಲಿಲ್ಲ.

“ಯಾಕಕ್ಕಾ ಒತ್ತಿದ್ರಿ?”

“ರಿಫ್ರೆಶ್ ಮಾಡಿದ್ರೆ ಕಂಪ್ಯೂಟರ್ ಚುರುಕಾಗ್ತೈತಲ್ಲಪ್ಪ!”

ಎಷ್ಟು ಹೇಳಿದರೂ ಆ ಹಾಳು ಬೆರಳು ಕೇಳಬೇಕಲ್ಲ! ಕೊನೆಗೆ ನನ್ನ ಸಾಫ್ಟ್‌ವೇರಿನಲ್ಲಿ ಆ ಕೀ ಕೆಲಸವನ್ನೇ ಮಾಡದಂತೆ ಮಾಡಿದೆ. ಮರುದಿನವೇ ಅಕ್ಕನ ಫೋನ್ ಬಂತು.

“ಏನಪ್ಪ, ಎಲ್ಲಾ ಟೈಪ್ ಮಾಡಿ ರಿಫ್ರೆಶ್ ಒತ್ತಿದ್ರೆ ಆಗ್ಲೇ ಇಲ್ಲ. ನಿನ್ ಸಾಫ್ಟ್‌ವೇರ್ ಸ್ಟ್ರಕ್ ಆಗಿತ್ತು.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಸಮಾಧಾನ ಹೇಳಿದರು: “ಚಿಂತೆ ಮಾಡ್ಬ್ಯಾಡ, ಸ್ವಿಚ್ ಆಫ್ ಮಾಡಿ ಆನ್ ಮಾಡೀನಿ.”